ಕಾಣದ ಅನಿಲದ ಲೆಕ್ಕ: ಕುಡಿಯುವ ನೀರಿನಲ್ಲಿ ರೇಡಾನ್

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವುದು ಸಾಹಿತ್ಯದ, ನಾಡುನುಡಿಯ, ಗಡಿಯ ಮಾತುಗಳು. ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಿದಾಗ ನಾನು ನೀರಿನ ವಿಷಯವಾಗಿ ಮಾತನಾಡುವೆನೆಂದೆ. “ಕಾವೇರಿಯೋ, ಕೃಷ್ಣೆಯೋ, ಮಹದಾಯಿಯೋ?” ಎಂದು ಅವರು ಕೇಳಿದರು. ಮೂರೂ ಅಲ್ಲ, ನಮ್ಮ ಹಿತ್ತಲಿನ ಕೊಳವೆಬಾವಿ ಎಂದೆ. ಅವರಿಗೆ ಸ್ವಲ್ಪ ನಿರಾಶೆಯಾಗಿರಬೇಕು. ಆದರೂ ಅವಕಾಶ ಕೊಟ್ಟಿದ್ದಾರೆ. ಅವರಿಗೆ ನನ್ನ ವಂದನೆಗಳು.

ನಾನು ವಿಕಿರಣ ವಿಜ್ಞಾನಿಯಲ್ಲ. ಭೂವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರಕಾರದ ಸೇವೆಗೆ ಸೇರಿ, ಕಲ್ಲುಗಳನ್ನು ಬಿಟ್ಟು ಕಡತಗಳನ್ನು ನೋಡುತ್ತ ಕಾಲ ಕಳೆದವನು. ಇಂದು ಹೇಳಹೊರಟಿರುವುದು ನಾನು ಮಾಡಿದ ಒಂದು ತಪ್ಪಿನ ಕಥೆ. ಆ ತಪ್ಪಿನಿಂದಲೇ ನಾನು ಅಳತೆಯೆಂದರೇನೆಂಬುದನ್ನು ಕಲಿತೆ. ತಮ್ಮಲ್ಲಿ ಅನೇಕರು ಅದೇ ತಪ್ಪನ್ನು ಮಾಡುವ ಸಂಭವವಿರುವುದರಿಂದ ಅದನ್ನು ಬಹಿರಂಗವಾಗಿ ಹೇಳಿಕೊಳ್ಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

೨೦೧೪ರ ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ನಮ್ಮ ಊರಿಗೆ ಹೋಗಿದ್ದೆ. ತಂದೆಯವರ ಕಾಲದ ತೆರೆದ ಬಾವಿ ಬತ್ತಿ ಎಷ್ಟೋ ವರ್ಷಗಳಾಗಿದ್ದವು. ಅಣ್ಣ ಕೊರೆಸಿದ ೯೦೦ ಅಡಿಯ ಕೊಳವೆಬಾವಿಯೇ ಮನೆಗೆ ಆಧಾರ. ಪಂಪಿನ ನೀರು ಅಂಗಳದ ಸಿಮೆಂಟಿನ ತೊಟ್ಟಿಗೆ ಎತ್ತರದಿಂದ ಧುಮುಕುತ್ತಿತ್ತು. ಅಲ್ಲಿಂದ ಬಿಂದಿಗೆಯಲ್ಲಿ ತುಂಬಿ ಒಳಗೆ ತರಬೇಕಾಗಿತ್ತು. ಅಮ್ಮನಿಗೆ ಆಗ ಎಪ್ಪತ್ತೆಂಟು ವರ್ಷ. ಇನ್ನು ಬಿಂದಿಗೆ ಹೊರುವುದು ಬೇಡ, ತೊಟ್ಟಿ ತೆಗೆಸಿ ಪಂಪಿನಿಂದಲೇ ಅಡುಗೆಮನೆಗೂ ಬಚ್ಚಲಿಗೂ ಮುಚ್ಚಿದ ಕೊಳವೆ ಎಳೆಸೋಣ ಎಂದು ಅಣ್ಣ ಯೋಚಿಸಿದ್ದ. ಬೆಂಗಳೂರಿನ ಅಂತರ್ಜಲದಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲದ ಬಗ್ಗೆ ೨೦೧೦ರಲ್ಲಿ ಪ್ರಕಟವಾಗಿದ್ದ ಅಧ್ಯಯನವೊಂದನ್ನು ನಾನು ಆಗಷ್ಟೇ ಓದಿದ್ದೆ. ಕೆಲವು ಕೊಳವೆಬಾವಿಗಳಲ್ಲಿ ಲೀಟರಿಗೆ ಸಾವಿರ ಬೆಕೆರೆಲ್ ಮೀರಿದ ಪ್ರಮಾಣ ಅದರಲ್ಲಿ ವರದಿಯಾಗಿತ್ತು. “ಸ್ವಲ್ಪ ತಾಳು, ನೀರನ್ನು ಪರೀಕ್ಷೆ ಮಾಡಿಸುತ್ತೇನೆ” ಎಂದು ಅಣ್ಣನಿಗೆ ಹೇಳಿದೆ.

ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಗೆ ಬಂದೆ. ದಾರಿಯಲ್ಲಿ ಬಿಸಿಲು, ಅರ್ಧದಷ್ಟನ್ನು ಮನೆಮಂದಿಯೆಲ್ಲ ಸೇರಿ ಕುಡಿದುಬಿಟ್ಟೆವು. ಉಳಿದದ್ದನ್ನು ಆರನೆಯ ದಿನ ಒಂದು ಪ್ರಯೋಗಾಲಯಕ್ಕೆ ಕೊಟ್ಟು, ಇದರಲ್ಲಿ ವಿಕಿರಣವಿದೆಯೇ ನೋಡಿ ಎಂದೆ. ಒಟ್ಟು ಆಲ್ಫಾ ವಿಕಿರಣ ಪತ್ತೆಯ ಮಟ್ಟಕ್ಕಿಂತ ಕಡಿಮೆ ಎಂದು ವರದಿ ಬಂತು. ಅಂದೇ ಅಣ್ಣನಿಗೆ ಫೋನು ಮಾಡಿ, ನಮ್ಮ ನೀರಿನಲ್ಲಿ ರೇಡಾನ್ ಇಲ್ಲವೆಂದು ಹೇಳಿದೆ. ಓದಿದ ತಮ್ಮನ ಮಾತು. ಮರುವಾರವೇ ಅವನು ತೊಟ್ಟಿಯನ್ನು ಒಡೆಸಿದ.

ಆ ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ನಾನು ಅಣ್ಣನಿಗೆ ಹೇಳಿದ್ದು ಸುಳ್ಳಾಗಿತ್ತು. ಇದು ಹೇಗೆಂದು ತಿಳಿಯಬೇಕಾದರೆ ರೇಡಾನಿನ ಸ್ವಭಾವವನ್ನು ಸ್ವಲ್ಪ ಅರಿಯಬೇಕು.

ಬಂಡೆಗಳಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ ಸಹಜವಾಗಿಯೇ ಇರುತ್ತದೆ. ಅದು ಹಂತಹಂತವಾಗಿ ಕ್ಷಯಿಸುತ್ತ ಬಂದಾಗ ನಡುವೆ ರೇಡಿಯಂ ಹುಟ್ಟುತ್ತದೆ. ಈ ರೇಡಿಯಮ್ಮಿನ ಅರ್ಧಾಯು ೧೬೦೦ ವರ್ಷ. ರೇಡಿಯಂ ಕ್ಷಯಿಸಿದಾಗ ಹುಟ್ಟುವುದೇ ರೇಡಾನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಜಡಾನಿಲವಾದ್ದರಿಂದ ಕಲ್ಲಿನೊಡನೆಯಾಗಲಿ ನೀರಿನೊಡನೆಯಾಗಲಿ ಅದು ರಾಸಾಯನಿಕ ಸಂಬಂಧ ಬೆಳೆಸುವುದಿಲ್ಲ. ಬಂಡೆಯ ಬಿರುಕಿನಲ್ಲಿ ನಿಂತ ನೀರಿನಲ್ಲಿ ಕರಗುತ್ತದೆ. ಗಾಳಿ ಸೋಕಿದೊಡನೆ ಹೊರಬೀಳುತ್ತದೆ. ಅದರ ಅರ್ಧಾಯು ೩.೮ ದಿನ. ಎಂದರೆ ಇಂದು ನೂರಿದ್ದದ್ದು ನಾಲ್ಕು ದಿನಕ್ಕೆ ಸುಮಾರು ಐವತ್ತಾಗುತ್ತದೆ. ಒಂದು ತಿಂಗಳಿಗೆ ಶೇಕಡಾ ಒಂದೂ ಉಳಿಯುವುದಿಲ್ಲ. ಇದನ್ನು ಅಳೆಯುವ ಮಾನ ಬೆಕೆರೆಲ್. ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್.

ಎಲ್ಲ ನೆಲವೂ ಒಂದೇ ಅಲ್ಲ. ನಾವೀಗ ಕುಳಿತಿರುವ ಪುಣೆಯೂ ಆಚೆಯ ಮುಂಬಯಿಯೂ ದಖ್ಖನಿನ ಬಸಾಲ್ಟ್ ಶಿಲೆಯ ಮೇಲಿವೆ. ಬಸಾಲ್ಟಿನಲ್ಲಿ ಯುರೇನಿಯಂ ಬಹಳ ಕಡಿಮೆ. ಅಲ್ಲದೆ ನಮ್ಮ ನಲ್ಲಿಗೆ ಬರುವುದು ಖಡಕವಾಸ್ಲದ ಕಡೆಯ ಜಲಾಶಯಗಳ ನೀರು. ಬಯಲಿನಲ್ಲಿ ನಿಂತ ನೀರಿನಲ್ಲಿ ರೇಡಾನ್ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿನ ನಲ್ಲಿಯ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ. ಆದರೆ ನಮ್ಮಲ್ಲಿ ಅನೇಕರ ಮೂಲ ಮನೆಗಳು ಇರುವುದೆಲ್ಲಿ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಮನಗರ. ಅದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಸೀಮೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಅಲ್ಲಿನ ಗ್ರಾನೈಟಿಗೆ ಭೂವಿಜ್ಞಾನದಲ್ಲಿ ಹೆಸರು ಬಂದಿದೆ. ಇಂಥ ಶಿಲೆಗಳಲ್ಲಿ ಯುರೇನಿಯಮ್ಮಿನ ಅಂಶ ಬಸಾಲ್ಟಿಗಿಂತ ಹಲವು ಪಟ್ಟು ಹೆಚ್ಚು. ಫಿನ್ಲೆಂಡ್, ಸ್ವೀಡನ್, ಅಮೆರಿಕದ ಮೇಯ್ನ್ ರಾಜ್ಯ ಮುಂತಾದ ಗ್ರಾನೈಟ್ ಪ್ರದೇಶಗಳಲ್ಲಿಯೂ ಕೊರೆದ ಬಾವಿಗಳ ನೀರಿನಲ್ಲಿ ಇದೇ ಸಮಸ್ಯೆ ಕಂಡುಬಂದಿದೆ.

ಹಾಗಾದರೆ ನಮ್ಮ ಅಜ್ಜ ಮುತ್ತಜ್ಜಂದಿರು ಇದೇ ಕಲ್ಲಿನ ನೀರನ್ನೇ ಕುಡಿಯಲಿಲ್ಲವೇ ಎಂದು ತಾವು ಕೇಳಬಹುದು. ಅವರು ಕುಡಿದದ್ದು ಕೆರೆಯ ನೀರು ಮತ್ತು ತೆರೆದ ಬಾವಿಯ ನೀರು. ಆ ನೀರು ಆಕಾಶ ನೋಡುತ್ತಿತ್ತು. ಸೇದುವಾಗ, ಸುರಿಯುವಾಗ ಗಾಳಿಯೊಡನೆ ಬೆರೆಯುತ್ತಿತ್ತು. ಅವರು ರೇಡಾನಿನ ಬಗ್ಗೆ ತಿಳಿದು ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಹಳೆಯದೆಲ್ಲ ವಿಜ್ಞಾನವೆಂದು ಸಾರುವ ಚಪಲ ನನಗಿಲ್ಲ. ಆ ಬಾವಿಗಳಲ್ಲಿ ಬೇರೆ ರೋಗಗಳಿದ್ದವು. ಆದರೆ ಕೋಲಾರದ ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ನಾವು ಸಾವಿರ ಅಡಿ, ಅದಕ್ಕೂ ಹೆಚ್ಚು ಕೊರೆಯತೊಡಗಿದ ಮೇಲೆ ಬಂಡೆಯ ಬಿರುಕಿನ ನೀರು ಗಾಳಿಯ ಮುಖ ನೋಡದೆ ಲೋಟಕ್ಕೆ ಬರುವಂತಾಯಿತು. ಕೆರೆಯನ್ನು ಕಳೆದುಕೊಂಡದ್ದರ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಇಲ್ಲಿ ಅಪಾಯದ ಪ್ರಮಾಣವನ್ನು ಹೇಳದಿದ್ದರೆ ಭಯ ಹುಟ್ಟಿಸಿದಂತಾಗುತ್ತದೆ. ರೇಡಾನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೮೮ರಲ್ಲಿ ವರ್ಗೀಕರಿಸಿತು. ಮುಖ್ಯ ಅಪಾಯ ಉಸಿರಿನ ಮೂಲಕ, ಶ್ವಾಸಕೋಶಕ್ಕೆ. ನೀರಿನಲ್ಲಿರುವ ರೇಡಾನಿನಿಂದಲೂ ಹೆಚ್ಚಿನ ಅಪಾಯ ಕುಡಿಯುವುದರಿಂದಲ್ಲ, ಸ್ನಾನ ಅಡುಗೆಗಳ ಸಮಯದಲ್ಲಿ ಅದು ಗಾಳಿಗೆ ಸೇರಿ ಉಸಿರಿನೊಳಗೆ ಹೋಗುವುದರಿಂದ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ೧೯೯೯ರ ವರದಿ ಹೇಳಿತು. ನೀರಿನಲ್ಲಿ ೧೦,೦೦೦ ಪಾಲು ಇದ್ದರೆ ಮನೆಯ ಗಾಳಿಗೆ ಸುಮಾರು ಒಂದು ಪಾಲು ಸೇರುತ್ತದೆಂಬುದು ಸ್ಥೂಲ ಲೆಕ್ಕ. ಲೀಟರಿಗೆ ೧೦೦ ಬೆಕೆರೆಲ್ ಇರುವ ನೀರು ಮನೆಯ ಗಾಳಿಗೆ ಘನಮೀಟರಿಗೆ ಸುಮಾರು ೧೦ ಬೆಕೆರೆಲ್ ಸೇರಿಸುತ್ತದೆ. ಮನೆಯ ಗಾಳಿಯಲ್ಲಿ ೧೦೦ ಬೆಕೆರೆಲ್ಲನ್ನು ಸೂಚಕ ಮಟ್ಟವಾಗಿ ವಿಶ್ವ ಆರೋಗ್ಯ ಸಂಸ್ಥೆ ೨೦೦೯ರಲ್ಲಿ ಸೂಚಿಸಿತು. ಅದೇ ನೀರನ್ನು ದಿನಕ್ಕೆ ಒಂದು ಲೀಟರಿನಂತೆ ವರ್ಷವಿಡೀ ನೇರವಾಗಿ ಕುಡಿದರೆ ದೊರೆಯುವ ವಿಕಿರಣ ಸುಮಾರು ೦.೧೩ ಮಿಲಿಸೀವರ್ಟ್. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟ್ ಬರುತ್ತದೆ. ಆದ್ದರಿಂದ ಇದು ನಾಳೆಯೇ ಪ್ರಾಣಕ್ಕೆ ಬರುವ ಸಂಗತಿಯಲ್ಲ. ಕೋಲಾರದ ನೀರಿನಲ್ಲಿ ಫ್ಲೋರೈಡಿನ ಪೀಡೆ ಇದಕ್ಕಿಂತ ಕಣ್ಣಿಗೆ ಕಾಣುವಂಥದು. ಮೊದಲು ಅದನ್ನು ಪರೀಕ್ಷಿಸಬೇಕು. ಆದರೆ ಚಿಕ್ಕ ಅಪಾಯವಾದರೂ ಕಡಿಮೆ ಖರ್ಚಿನಲ್ಲಿ ತಪ್ಪಿಸಬಹುದಾದರೆ ತಪ್ಪಿಸಬೇಕಷ್ಟೆ.

ಮಿತಿಗಳ ವಿಷಯದಲ್ಲಿ ಲೋಕ ಏಕಾಭಿಪ್ರಾಯಕ್ಕೆ ಬಂದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ೧೯೯೧ರಲ್ಲಿ ಲೀಟರಿಗೆ ಸುಮಾರು ೧೧ ಬೆಕೆರೆಲ್ ಎಂದು ಪ್ರಸ್ತಾವಿಸಿತು. ೧೯೯೯ರಲ್ಲಿ, ಗಾಳಿಯ ರೇಡಾನನ್ನು ತಗ್ಗಿಸುವ ಕಾರ್ಯಕ್ರಮವಿರುವೆಡೆ ಸುಮಾರು ೧೪೮ರವರೆಗೆ ಇರಬಹುದೆಂದಿತು. ಎರಡೂ ಅಂತಿಮ ನಿಯಮವಾಗಲಿಲ್ಲ. ಯುರೋಪಿನ ಒಕ್ಕೂಟ ೨೦೧೩ರಲ್ಲಿ ೧೦೦ ಬೆಕೆರೆಲ್ಲನ್ನು ಮಾನದಂಡವಾಗಿಟ್ಟುಕೊಂಡು, ೧೦೦೦ ಮೀರಿದರೆ ಬೇರೆ ವಿಚಾರವಿಲ್ಲದೆ ಪರಿಹಾರ ಕೈಗೊಳ್ಳುವುದು ಸಮರ್ಥನೀಯವೆಂದಿತು. ನಮ್ಮ ದೇಶದ ಕುಡಿಯುವ ನೀರಿನ ೨೦೧೨ರ ಮಾನಕದಲ್ಲಿ ಆಲ್ಫಾ ವಿಕಿರಣಕ್ಕೆ ಲೀಟರಿಗೆ ೦.೧, ಬೀಟಾ ವಿಕಿರಣಕ್ಕೆ ೧ ಬೆಕೆರೆಲ್ ಎಂದಿದೆ. ರೇಡಾನಿನ ಹೆಸರಿನಲ್ಲಿ ಪ್ರತ್ಯೇಕ ಅಂಕಿಯನ್ನು ಅದು ಕೊಟ್ಟಿರಲಿಲ್ಲ.

ಈಗ ನನ್ನ ಕ್ಯಾನಿಗೆ ಬರುತ್ತೇನೆ. ಮೊದಲನೆಯದಾಗಿ, ನಾನು ನೀರು ಹಿಡಿದದ್ದು ತೊಟ್ಟಿಯಿಂದ. ಎತ್ತರದಿಂದ ಬಿದ್ದು ಅದಾಗಲೇ ಗಾಳಿಗೆ ಅನಿಲವನ್ನು ಒಪ್ಪಿಸಿದ್ದ ನೀರು. ಎರಡನೆಯದಾಗಿ, ಅರ್ಧ ಕುಡಿದ ಕ್ಯಾನಿನಲ್ಲಿ ನೀರಿನಷ್ಟೇ ಗಾಳಿಯಿತ್ತು. ಸಾಧಾರಣ ಉಷ್ಣತೆಯಲ್ಲಿ ರೇಡಾನ್ ನೀರಿಗಿಂತ ಗಾಳಿಯನ್ನು ನಾಲ್ಕು ಪಟ್ಟು ಹೆಚ್ಚು ಬಯಸುತ್ತದೆ. ರೈಲಿನ ಕುಲುಕಾಟದಲ್ಲಿ ಐದರಲ್ಲಿ ನಾಲ್ಕು ಪಾಲು ಮೇಲಿನ ಗಾಳಿಗೆ ಏರಿ, ಮುಚ್ಚಳ ತೆರೆದಾಗಲೆಲ್ಲ ಹೊರಗೆ ಹೋಯಿತು. ಮೂರನೆಯದಾಗಿ, ಆರು ದಿನಗಳಲ್ಲಿ ಕ್ಷಯದಿಂದಲೇ ಮೂರರಲ್ಲಿ ಎರಡು ಪಾಲು ಕಳೆದಿತ್ತು. ಕೊನೆಯದಾಗಿ, ಒಟ್ಟು ಆಲ್ಫಾ ಪರೀಕ್ಷೆಯಲ್ಲಿ ನೀರನ್ನು ಬತ್ತಿಸಿ, ಲೋಹದ ಬಿಲ್ಲೆಯ ಮೇಲೆ ಉಳಿದ ಶೇಷವನ್ನು ಎಣಿಸುತ್ತಾರೆ. ಬತ್ತಿಸುವಾಗ ಅನಿಲ ಉಳಿಯುತ್ತದೆಯೇ? ನಾನು ಕೇಳಿದ ಪ್ರಶ್ನೆಗೆ ಪ್ರಯೋಗಾಲಯದವರು ಸರಿಯಾದ ಉತ್ತರವನ್ನೇ ಕೊಟ್ಟರು. ಪ್ರಶ್ನೆ ತಪ್ಪಾಗಿತ್ತು, ಮಾದರಿ ತಪ್ಪಾಗಿತ್ತು, ಎರಡೂ ನನ್ನವು.

ಇದು ತಿಳಿದದ್ದು ೨೦೧೭ರಲ್ಲಿ. ವಿಶ್ವವಿದ್ಯಾನಿಲಯವೊಂದರ ಸಂಶೋಧಕರು ನಮ್ಮ ಹೋಬಳಿಯಲ್ಲಿ ನೀರು ಅಳೆಯಲು ಬಂದಿದ್ದರು. ಆಗ ನಾನು ರಜೆಯ ಮೇಲೆ ಊರಿನಲ್ಲಿದ್ದೆ. ನಮ್ಮ ನೀರನ್ನು ಆಗಲೇ ಪರೀಕ್ಷೆ ಮಾಡಿಸಿದ್ದೇನೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಹೇಗೆ ತೆಗೆದುಕೊಂಡು ಹೋದಿರಿ ಎಂದು ಅವರಲ್ಲಿ ಕಿರಿಯವಳಾದ ವಿದ್ಯಾರ್ಥಿನಿ ಕೇಳಿದಳು. ಕ್ಯಾನು, ರೈಲು, ಬಾಯಾರಿಕೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, ಸೌಜನ್ಯದಿಂದ “ಮತ್ತೊಮ್ಮೆ ನೋಡೋಣ ಸರ್” ಎಂದಳು.

ಅವರು ಮಾದರಿ ತೆಗೆದ ಕ್ರಮವನ್ನು ವಿವರವಾಗಿ ಹೇಳುತ್ತೇನೆ. ಪಂಪನ್ನು ಹತ್ತು ಹದಿನೈದು ನಿಮಿಷ ಓಡಿಸಿ ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹೊರಹಾಕಿದರು. ಪಂಪಿನ ಬಾಯಿಗೆ ಸಣ್ಣ ರಬ್ಬರು ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಗಾಜಿನ ಸೀಸೆಯ ತಳಕ್ಕೆ ಮುಟ್ಟಿಸಿ, ನೀರನ್ನು ನಿಧಾನವಾಗಿ ಬಿಟ್ಟರು, ಧಾರೆಯಾಗಿ ಸುರಿಯಲಿಲ್ಲ. ಸೀಸೆಯನ್ನು ಬಕೆಟಿನ ನೀರಿನೊಳಗೆ ಮುಳುಗಿಸಿ, ಸಾಕಷ್ಟು ನೀರು ಉಕ್ಕಿ ಹೋದ ಮೇಲೆ ನೀರಿನೊಳಗೇ ಮುಚ್ಚಳ ತಿರುಗಿಸಿದರು. ತಲೆಕೆಳಗು ಮಾಡಿ ಒಂದು ಗುಳ್ಳೆಯೂ ಇಲ್ಲವೆಂದು ನೋಡಿದರು. ಗುಳ್ಳೆ ಕಂಡ ಒಂದು ಸೀಸೆಯನ್ನು ಚೆಲ್ಲಿ ಮತ್ತೆ ತುಂಬಿದರು. ಪ್ಲಾಸ್ಟಿಕ್ಕಿನ ಗೋಡೆಯ ಮೂಲಕವೂ ಅನಿಲ ನುಸುಳಬಹುದಾದ್ದರಿಂದ ಗಾಜು. ಪ್ರತಿಯೊಂದು ಸೀಸೆಯ ಮೇಲೂ ದಿನ ಮಾತ್ರವಲ್ಲ, ಗಂಟೆ ನಿಮಿಷಗಳನ್ನೂ ಬರೆದರು. ಹಿಡಿದ ಹೊತ್ತಿಗೂ ಎಣಿಸಿದ ಹೊತ್ತಿಗೂ ನಡುವೆ ಕಳೆದ ಕಾಲ ಗೊತ್ತಿದ್ದರೆ ಕ್ಷಯಿಸಿದ ಪಾಲನ್ನು ಗಣಿತದಿಂದ ಮರಳಿ ಸೇರಿಸಬಹುದು. ಸೋರಿಹೋದದ್ದನ್ನು ಯಾವ ಗಣಿತವೂ ಮರಳಿ ತರಲಾರದು.

ಅಳೆಯುವ ವಿಧಾನಗಳು ಹಲವಾರು. ಹಳೆಯದೆಂದರೆ ಲ್ಯೂಕಾಸ್ ಕೋಶ. ೧೯೫೭ರಲ್ಲಿ ಅದನ್ನು ವಿವರಿಸಿದ ವಿಜ್ಞಾನಿಯ ಹೆಸರೇ ಅದಕ್ಕೆ ಬಂದಿದೆ. ಒಳಗೋಡೆಗೆ ಸತುವಿನ ಸಲ್ಫೈಡ್ ಬಳಿದ ಪುಟ್ಟ ಕೋಣೆ ಅದು. ನೀರಿನೊಳಗೆ ಗಾಳಿಯ ಗುಳ್ಳೆಗಳನ್ನು ಹಾಯಿಸಿ, ಹೊರಬಂದ ರೇಡಾನನ್ನು ನಿರ್ವಾತಗೊಳಿಸಿದ ಕೋಣೆಗೆ ಸೆಳೆಯುತ್ತಾರೆ. ರೇಡಾನಿನಿಂದ ಹುಟ್ಟುವ ಅಲ್ಪಾಯು ಸಂತತಿ ಅದರೊಡನೆ ಸಮಸ್ಥಿತಿಗೆ ಬರಲು ಸುಮಾರು ಮೂರು ಗಂಟೆ ಕಾಯುತ್ತಾರೆ. ಆಮೇಲೆ ಒಂದೊಂದು ಆಲ್ಫಾ ಕಣ ಬಡಿದಾಗಲೂ ಹೊಮ್ಮುವ ಮಿಂಚನ್ನು ಎಣಿಸುತ್ತಾರೆ. ಎರಡನೆಯದು ದ್ರವ ಮಿನುಗು ವಿಧಾನ: ಹತ್ತು ಮಿಲಿಲೀಟರಿನಷ್ಟು ನೀರನ್ನು ಸಿರಿಂಜಿನಿಂದ ಎಣ್ಣೆಯಂಥ ಮಿನುಗುದ್ರವದ ಕೆಳಗೆ ಬಿಟ್ಟರೆ ರೇಡಾನ್ ಆ ದ್ರವಕ್ಕೆ ಏರುತ್ತದೆ. ಮೂರನೆಯದು, ನಮ್ಮ ಮನೆಗೆ ಬಂದದ್ದು, ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ. ಅದರ ಪಂಪು ಕಾಲು ಲೀಟರಿನ ಸೀಸೆಯೊಳಗೆ ಐದು ನಿಮಿಷ ಗಾಳಿಯನ್ನು ಸುತ್ತಿಸಿ ಅನಿಲವನ್ನು ಹೊರಡಿಸುತ್ತದೆ. ಒಳಗಿನ ಸಿಲಿಕಾನ್ ಶೋಧಕ ಬಡಿದ ಕಣದ ಶಕ್ತಿಯನ್ನೂ ಗುರುತಿಸುವುದರಿಂದ ಅದು ಯಾವ ಧಾತುವಿನಿಂದ ಬಂತೆಂಬುದೂ ತಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಉತ್ತರ.

ನಮ್ಮ ಅಂಗಳದಲ್ಲಿಯೇ ಆ ಉತ್ತರ ಬಂತು. ಪಂಪಿನ ಬಾಯಲ್ಲಿ ಲೀಟರಿಗೆ ೩೧೦ ಬೆಕೆರೆಲ್. ಅಡುಗೆಮನೆಯ ನಲ್ಲಿಯಲ್ಲಿ ೨೮೦. ಅದೇ ನೀರು ಕಿಟಕಿಯಿಲ್ಲದ ಹೊಸ ಬಚ್ಚಲಿಗೂ ಹೋಗುತ್ತಿತ್ತು. ಮೂರು ವರ್ಷ ಅಮ್ಮ ಅಲ್ಲಿ ದಿನವೂ ಬಿಸಿನೀರಿನ ಸ್ನಾನ ಮಾಡಿದ್ದರು. ಮೊದಲಿನ ತೊಟ್ಟಿ ಇದ್ದಿದ್ದರೆ ಅಂಗಳದಲ್ಲಿಯೇ ಗಾಳಿಗೆ ಹೋಗಬೇಕಾಗಿದ್ದ ಅನಿಲವನ್ನು ನನ್ನ ಒಂದು ಫೋನು ಮನೆಯೊಳಗೆ ಕರೆದು ತಂದಿತ್ತು. ಅಣ್ಣ ನನ್ನನ್ನು ಬೈಯಲಿಲ್ಲ. “ನೀನು ಅಳತೆ ಮಾಡಿಸಿದ್ದು ಬಾವಿಯನ್ನಲ್ಲ ಕಣಯ್ಯಾ, ಕ್ಯಾನನ್ನು” ಎಂದ. ನನ್ನ ಪದವಿಗೆ ಇದಕ್ಕಿಂತ ಸಮರ್ಪಕವಾದ ವಿಮರ್ಶೆ ಇದುವರೆಗೆ ಬಂದಿಲ್ಲ.

ಪರಿಹಾರ ಸರಳವಾಗಿತ್ತು. ಮಹಡಿಯ ಮೇಲೆ ಒಂದು ಟ್ಯಾಂಕು ಇಟ್ಟು, ಪಂಪಿನ ನೀರು ಬಾಚಣಿಗೆಯಂಥ ತೂತುಗಳಿಂದ ತುಂತುರಾಗಿ ಅದಕ್ಕೆ ಬೀಳುವಂತೆ ಮಾಡಿದೆವು. ಮುಚ್ಚಳದ ಪಕ್ಕದಲ್ಲಿ ಗಾಳಿಯಾಡಲು ಜಾಲರಿ ಹಾಕಿದ ಕಿಂಡಿ ಬಿಟ್ಟೆವು. ಬಚ್ಚಲಿಗೆ ಕಿಟಕಿ ಒಡೆಸಿದೆವು. ಅಮ್ಮ ಬಿಂದಿಗೆ ಹೊರುವುದೂ ತಪ್ಪಿತು. ಮುಂದಿನ ಅಳತೆಯಲ್ಲಿ ಅಡುಗೆಮನೆಯ ನೀರು ೬೦ಕ್ಕೆ ಇಳಿದಿತ್ತು. ಈ ಅಂಕಿಗಳು ನಮ್ಮ ಮನೆಯವು ಮಾತ್ರ. ನೂರು ಗಜದಾಚೆಯ ಬಾವಿಯಲ್ಲಿ ಬೇರೆಯೇ ಇರಬಹುದು. ಯಂತ್ರದಿಂದ ಗಾಳಿ ಹಾಯಿಸುವ ವ್ಯವಸ್ಥೆಗಳು ಶೇಕಡಾ ೯೫ಕ್ಕೂ ಹೆಚ್ಚು ರೇಡಾನನ್ನು ತೆಗೆಯಬಲ್ಲವು. ಇದ್ದಿಲಿನ ಸೋಸುಕವೂ ಹಿಡಿಯುತ್ತದೆ, ಆದರೆ ಆ ಇದ್ದಿಲಿನಲ್ಲಿಯೇ ವಿಕಿರಣ ಸಂಗ್ರಹವಾಗುತ್ತದೆ. ಕುದಿಸಿದರೂ ರೇಡಾನ್ ಹೋಗುತ್ತದೆ, ಕಿಟಕಿ ತೆರೆದಿರಬೇಕು. ನೆನಪಿಡಿ: ಕುದಿಸುವುದರಿಂದ ಫ್ಲೋರೈಡಾಗಲಿ ಕರಗಿದ ಯುರೇನಿಯಮ್ಮಾಗಲಿ ಹೋಗುವುದಿಲ್ಲ. ಅವುಗಳ ಪರೀಕ್ಷೆ ಬೇರೆ, ಪರಿಹಾರ ಬೇರೆ.

ಬಂಧುಗಳೇ, ನನ್ನ ವಿನಂತಿ ಇಷ್ಟೇ. ಬೇಸಿಗೆಯ ರಜೆಗೆ ಊರಿಗೆ ಹೋದಾಗ, ಮನೆಯ ಕೊಳವೆಬಾವಿ ಎಷ್ಟು ಆಳ, ನೀರು ಗಾಳಿ ನೋಡಿ ಬರುತ್ತದೆಯೋ ನೇರವಾಗಿ ಬರುತ್ತದೆಯೋ ವಿಚಾರಿಸಿ. ಪರೀಕ್ಷೆ ಮಾಡಿಸುವುದಾದರೆ ಮಾದರಿಯನ್ನು ಯಾರು ತೆಗೆಯುತ್ತಾರೆ, ಯಾವ ಸೀಸೆಯಲ್ಲಿ, ಎಷ್ಟು ಗಂಟೆಯೊಳಗೆ ಎಣಿಸುತ್ತಾರೆ, ರೇಡಾನಿಗೆಂದೇ ಇರುವ ವಿಧಾನವೇ ಎಂದು ಕೇಳಿ. ‘ಪತ್ತೆಯಾಗಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ನಡುವೆ ಎಷ್ಟು ಅಂತರವಿದೆಯೆಂಬುದನ್ನು ನಾನು ಒಂದು ತೊಟ್ಟಿಯನ್ನು ಕಳೆದುಕೊಂಡು ಕಲಿತೆ. ಬಂದ ವರದಿಯನ್ನು ಊರಿನವರಿಗೆ ಕನ್ನಡದಲ್ಲಿ ಬರೆದುಕೊಡಿ. ಅಣ್ಣನ ಕೈಯಲ್ಲಿದ್ದ ನನ್ನ ಮೊದಲ ವರದಿ ಇಂಗ್ಲಿಷಿನಲ್ಲಿತ್ತು. ಅದು ಕನ್ನಡದಲ್ಲಿದ್ದು, ನೀರನ್ನು ಬತ್ತಿಸಿ ನೋಡಲಾಗಿದೆ ಎಂಬ ಒಂದು ಸಾಲು ಅವನ ಕಣ್ಣಿಗೆ ಬಿದ್ದಿದ್ದರೆ, ಬತ್ತಿಸಿದ ಮೇಲೆ ಅನಿಲ ಎಲ್ಲಿ ಉಳಿದೀತು ಎಂದು ಅವನೇ ಕೇಳುತ್ತಿದ್ದ. ಅವನು ಓದಿದ್ದು ಕಡಿಮೆ, ಬುದ್ಧಿ ಕಡಿಮೆಯಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕನ್ನಡದಲ್ಲಿ ತಂದ ನಾಡು ನಮ್ಮದು, ಒಂದು ಪುಟದ ನೀರಿನ ವರದಿಯನ್ನು ನಾವು ಬರೆಯಲಾರೆವೇ?

ಹೊರನಾಡಿನಲ್ಲಿರುವ ನಮಗೆ ಊರಿನ ಸಂಗತಿಗಳೆಲ್ಲ ಇಂಥ ಕ್ಯಾನುಗಳಲ್ಲಿಯೇ ಬರುತ್ತವೆ; ದಾರಿಯಲ್ಲಿ ಏನು ಸೋರಿತೆಂಬುದು ನಮಗೆ ತಿಳಿಯುವುದಿಲ್ಲ. ಅಲ್ಲಿಗೇ ಹೋಗಿ, ಬಾವಿಯ ಬಾಯಲ್ಲಿ ನಿಂತು ನೋಡಿದ ಮೇಲೆ ಅಲ್ಲಿರುವವರಿಗೆ ಸಲಹೆ ಕೊಡುವುದು ಲೇಸು. ನಾನು ಅದನ್ನು ತಡವಾಗಿ ಕಲಿತೆ. ತಾವು ಮುಂಚೆಯೇ ಕಲಿಯಿರೆಂದು ಕೇಳಿಕೊಳ್ಳುತ್ತೇನೆ.